ಹುಳುಮನೆಯ ಬಾಗಿಲು ಮುಚ್ಚಲು ಹೇಳಿದವನು

ಬೆಳಿಗ್ಗೆ ಎಂಟೂವರೆಗೆ ನನ್ನ ಮೊಬೈಲಿಗೆ ಬಂದ ಅಂಕಿ ಇನ್ನೂರ ಏಳು. ರೇಷ್ಮೆ ಹುಳುಮನೆಯ ಉಷ್ಣಾಂಶ ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲಿರಬೇಕಿತ್ತು. ಧನಗೆರೆಯ ಟೀ ಅಂಗಡಿಯ ಮುಂದೆ ನಿಂತಿದ್ದ ನಾನು "ಗಮನ ಕೊಟ್ಟು ಬರೆಯಮ್ಮ" ಎಂದು ಉತ್ತರ ಕಳಿಸಿ, ಉಳಿದ ಟೀ ಕುಡಿದೆ. ಆ ಟೀ ಮುಗಿಯಲು ಎಷ್ಟು ಹೊತ್ತಾಗಿರಬಹುದು ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ನಾನು ಕೊಳ್ಳೇಗಾಲದ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಆ ಅಂಕಿ ಕಳಿಸಿದವಳು ಯಳಂದೂರು ಕಡೆಯ ಅಗರದ ಹುಡುಗಿ, ನನ್ನ ಆನರ್ಸ್ ವಿದ್ಯಾರ್ಥಿನಿ. ಚಳಿಗಾಲದಲ್ಲಿ ಇದ್ದಿಲ ಕಾವು ಎಳೆಯ ರೇಷ್ಮೆ ಹುಳುಗಳ ಬೆಳವಣಿಗೆಯನ್ನು ಹೇಗೆ ಬದಲಿಸುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಮಾರ್ಗದರ್ಶಕನಾಗಿ ನನಗೆ ಅದೇ ಮೊದಲ ಪ್ರಬಂಧ. ಧನಗೆರೆಯಲ್ಲಿ ಅವಳ ಸೋದರತ್ತೆಯ ಹುಳುಮನೆ ಇತ್ತು. ಅವಳು ಅಲ್ಲೇ ಉಳಿದು ಉಷ್ಣಾಂಶ ಬರೆಯುತ್ತಿದ್ದಳು.

ಅತ್ತೆಯದು ಒಂದು ಕ್ರಮ. ಇದ್ದಿಲನ್ನು ಅಂಗಳದಲ್ಲೇ ಹೊತ್ತಿಸಿ, ಮೇಲೆ ಬೂದಿ ಬಿಳಿಚಿದ ಮೇಲೆ ಬಾಂಡಲಿಯನ್ನು ಒಳಗಿಡುವರು. ಬಾಗಿಲನ್ನು ಪೂರ್ತಿ ಹಾಕುತ್ತಿರಲಿಲ್ಲ; ಸಂದಿಗೆ ತೆಂಗಿನ ಮಟ್ಟೆಯ ತುಂಡು ಸಿಕ್ಕಿಸಿ ಬೆರಳಗಲ ಬಿಡುವರು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿದವರು ಕೂಡಲೇ ಹೊರಗೆ ಬರಬೇಕು. ಮೊದಲ ವಾರದ ಅಂಕಿಗಳು ಏರಿಳಿಯುವುದನ್ನು ಕಂಡು ಕಾರಣ ಹುಡುಕಲು ಹೋದವನಿಗೆ ಆ ಸಂದಿ ಸಿಕ್ಕಿತು. ಅತ್ತೆಯನ್ನೇ ಕೇಳಿದೆ.

"ಇದ್ಯಾಕಮ್ಮ? ಕಾವೆಲ್ಲ ಹೊರಗೆ ಹೋಗ್ತದೆ."

"ಉಳಕ್ಕೂ ಉಸ್ರು ಬ್ಯಾಡ್ವಾ ಸಾ? ನಮ್ಮತ್ತೆ ಕಾಲದಿಂದ್ಲೂ ಇಂಗೇ ಮಡಗ್ತೀವಿ."

"ಹುಳಕ್ಕೆ ಅಷ್ಟೊಂದು ಉಸಿರು ಬೇಡಮ್ಮ" ಎಂದು ನಕ್ಕೆ.

"ಓದಿರೋರು, ಏಳ್ತೀರಿ. ಉಳಕ್ಕೇನಾರಾ ಆದ್ರೆ ತಟ್ಟೆ ಸಮೇತ ನಿಮ್ ಕಾಲೇಜ್ಗೇ ತಂದ್ಬುಡ್ತೀನಿ, ನೀವೇ ಸಾಕಂಬುಡಿ."

ಆಚೆ ಬಂದು ಹುಡುಗಿಗೆ ಹೇಳಿದೆ: ಒಂದು ದಿನ, ಬೆಳಗಿನ ಹೊತ್ತು ಮೂರು ತಾಸು, ಮಟ್ಟೆ ತೆಗೆದು ಬಾಗಿಲು ಮುಚ್ಚಿ ಅರ್ಧ ಗಂಟೆಗೊಮ್ಮೆ ಬರೆ, ಪದೇ ಪದೇ ತೆರೆಯಬೇಡ. ಒಳಗೇ ಕೂರು ಎಂದು ನಾನು ಹೇಳಲಿಲ್ಲ. ತೆರೆಯಬೇಡ ಎಂದರೆ ಒಳಗೇ ಕೂರಬೇಕಾಗುತ್ತದೆ ಎಂದು ಹೊಳೆಯಲೂ ಇಲ್ಲ. ಇದ್ದಿಲಿನಿಂದ ಹೊರಡುವ ವಾಸನೆಯಿಲ್ಲದ ಅನಿಲ ರಕ್ತಕ್ಕೆ ಏನು ಮಾಡುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವನು ನಾನೇ.

ಇನ್ನೂರ ಏಳು ಬಂದ ಆ ಬೆಳಿಗ್ಗೆ ನಾನು ಟೀ ಮುಗಿಸಿ ಹುಳುಮನೆಗೆ ಬಂದಾಗ ಅತ್ತೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಹೊರಗೆ ಹುಡುಗಿಯ ಚಪ್ಪಲಿ ಇತ್ತು. ಕೂಗಿದೆ, ಉತ್ತರವಿಲ್ಲ. ಹುಳುಗಳಿಗೆ ರೋಗ ತಗಲದಿರಲೆಂದು ಹೊಸಿಲ ಮುಂದೆ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟಿರುತ್ತಾರೆ. ನಾನು ಆಗಲೂ ಒಂದೊಂದೇ ಕಾಲನ್ನು ಅದರಲ್ಲಿ ಅದ್ದಿದೆ. ಆಮೇಲೆ ಬಾಗಿಲು ತಳ್ಳಿದೆ. ಹುಳುವಿನ ತಟ್ಟೆಗಳ ಸ್ಟ್ಯಾಂಡಿಗೆ ಒರಗಿ ಕುಳಿತಿದ್ದಳು. ಕತ್ತು ವಾಲಿತ್ತು, ಮೊಬೈಲು ಮಡಿಲಲ್ಲಿತ್ತು. ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದು ತಂದೆ. ಸೊಪ್ಪಿನ ಹೊರೆ ಹೊತ್ತು ಬಂದ ಅತ್ತೆ ಅದನ್ನು ಅಲ್ಲೇ ಎಸೆದರು.

"ಅಯ್ಯೋ ನನ್ ಕಂದಾ! ಮಟ್ಟೆ ಎಲ್ಲೋಯ್ತು? ಯಾರು ತೆಗ್ದೋರು?"

ನಾನು ಆಟೋ ಕರೆಯಲು ರಸ್ತೆಗೆ ಓಡಿದೆ.

ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ತಂದೆವು. ಆಮ್ಲಜನಕ ಕೊಟ್ಟ ಮೇಲೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈಗ ಜೀವಕ್ಕೆ ಭಯವಿಲ್ಲ, ಆದರೆ ಇಂಥದ್ದರಲ್ಲಿ ಕೆಲವರಿಗೆ ವಾರಗಳು ಕಳೆದ ಮೇಲೆ ಮರೆವು ಬರುತ್ತದೆ, ನಡಿಗೆ ತಪ್ಪುತ್ತದೆ, ಒಂದು ತಿಂಗಳು ಕಣ್ಣಿಟ್ಟಿರಿ ಎಂದರು.

ಆ ತಿಂಗಳು ನಾನು ಮಲಗಿದ್ದು ಕಡಿಮೆ. ನನ್ನ ಮನೆ ಹನೂರಿನಲ್ಲಿ. ದಿನವೂ ಕಾಲೇಜಿಗೆ ಬರುವ ಬಸ್ಸಿನಿಂದ ಫೋನ್ ಮಾಡಿ, ಪ್ರಬಂಧದ ನೆಪದಲ್ಲಿ ಏನಾದರೂ ಕೇಳುತ್ತಿದ್ದೆ. ಎರಡನೇ ಅಧ್ಯಾಯದಲ್ಲಿ ಕೋಷ್ಟಕ ಎಷ್ಟು? ಮೊಟ್ಟೆ ಒಡೆದದ್ದು ಯಾವ ವಾರ? ಅವಳು ತಡೆದು ಉತ್ತರಿಸಿದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಮೂರನೇ ವಾರ, ಮೊದಲ ದಿನ ಎಷ್ಟು ತಟ್ಟೆ ಹುಳ ಇತ್ತು ಎಂದಾಗ "ಗ್ಯಾಪ್ಕ ಬತ್ತಿಲ್ಲ ಸಾ" ಎಂದಳು. ಕಾಲೇಜು ಬಿಟ್ಟು ಯಳಂದೂರಿನ ಬಸ್ಸು ಹತ್ತಿ, ಅವಳು ಸುಧಾರಿಸಿಕೊಳ್ಳುತ್ತಿದ್ದ ಅಗರದಲ್ಲಿ ಇಳಿದೆ.

ಜಗುಲಿಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು.

"ಏನ್ಸಾ, ಇದ್ಕಿದ್ದಂಗೆ?"

"ತಟ್ಟೆ ಎಷ್ಟು ಅಂದರೆ ನೆನಪಿಲ್ಲ ಅಂದೆಯಲ್ಲ."

"ಅಯ್ಯೋ, ಅದ್ಯಾರಿಗ್ ಗ್ಯಾಪ್ಕ ಇರ್ತದೆ? ನಿಮ್ಗಿದ್ದದಾ?"

ನನಗೂ ಇರಲಿಲ್ಲ.

"ನನ್ ತಲೆ ನೆಟ್ಟಗದಾ ಅಂತ ನೋಡಕ್ಕೆ ತಾನೇ ದಿನಾ ಫೋನು?"

ತಲೆಯಾಡಿಸಿದೆ. ಬಾಗಿಲು ಮುಚ್ಚಿಸಿದ್ದು ನಾನು ಎಂದು ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ ಎಂದೆ.

"ನಾನೂ ಏಳಿಲ್ಲ ಸಾ. ನಾನೇ ಮಟ್ಟೆ ತೆಗ್ದೆ ಅಂದ್ಕಂಡು ಬಯ್ತಾವ್ರೆ. ಬಯ್ಲಿ ಬುಡಿ."

ಅವಳು ನನ್ನ ಪಾಲಿನ ಬೈಗುಳ ಕೇಳಿಸಿಕೊಳ್ಳುತ್ತಿದ್ದಳು. ಅಲ್ಲಿಂದ ನೇರ ಧನಗೆರೆಗೆ ಹೋದೆ. ಅತ್ತೆ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದರು. ಹುಡುಗಿಯನ್ನು ಆಸ್ಪತ್ರೆಗೆ ಒಯ್ದ ದಿನ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರಿಂದ ಚಳಿಗೆ ಅರ್ಧ ಹುಳ ಕೆಟ್ಟಿತ್ತಂತೆ. ನಾನು ಹೇಳಬೇಕಾದ್ದನ್ನು ನಿಂತೇ ಹೇಳಿದೆ.

"ಗೊತ್ತಿತ್ತು ಕಣ್ರಿ. ಅದು ತಾನಾಗೇ ಅಂಗೆಲ್ಲ ಮಾಡೋ ಮಗ ಅಲ್ಲ." ಕೈ ಒರೆಸಿಕೊಂಡರು. "ಅದು ಉಸಾರಾಗೋ ಗಂಟ ನಿಮ್ಮುನ್ನ ಬಯ್ಯಕ್ಕೂ ಮನ್ಸು ಬರ್ನಿಲ್ಲ. ಈಗ ಬಯ್ತೀನಿ, ಕೂತ್ಕಳಿ."

ಕೂತೆ. ಅವರು ಬೈದರು, ಸಣ್ಣದಾಗೇನಲ್ಲ.

ತಿಂಗಳು ತುಂಬಿದ ಶನಿವಾರ ಡಾಕ್ಟರು ಅವಳನ್ನು ಗೆರೆಯ ಮೇಲೆ ನಡೆಸಿದರು, ನೂರರಿಂದ ಏಳೇಳು ಕಳೆಯುತ್ತ ಬಾ ಎಂದರು. ಅವಳು ತಪ್ಪದೆ ಎರಡಕ್ಕೆ ಬಂದು ನಿಂತಳು. ನಾನು ಗೋಡೆಗೆ ಒರಗಿ ಜೊತೆಗೇ ಕಳೆಯುತ್ತಿದ್ದೆ. ಇನ್ನು ಬರಬೇಕಾಗಿಲ್ಲ ಎಂದು ಡಾಕ್ಟರು ಚೀಟಿ ಬರೆದರು. ಅಂದು ಊಟ ಮಾಡಿ ಮಲಗಿದವನಿಗೆ ಎಚ್ಚರವಾದಾಗ ಭಾನುವಾರದ ಬಿಸಿಲು ಕಾಲ ಮೇಲಿತ್ತು.