ಅರಗು ತುಂಬಿದ ಗುಂಡು

ಆಕೆ ಚಿನ್ನದ ಗುಂಡಿನ ಸರವನ್ನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದರು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು. ನವುಲೆಯ ಕೃಷಿ ಕಾಲೇಜಿನ ಮೇಳದಲ್ಲಿ ನನ್ನ ಬೆಳ್ಳಿ ಒಡವೆಗಳನ್ನು ನೋಡಿ, ಫೋನ್ ನಂಬರು ಬರೆದುಕೊಂಡು ಹೋಗಿದ್ದವರು, ಒಂದು ಶನಿವಾರ ಬೆಳಿಗ್ಗೆ ಭದ್ರಾವತಿಯ ನ್ಯೂ ಟೌನಿಗೆ, ನಮ್ಮ ಮನೆಗೇ ಬಂದರು.

"ಅಮ್ಮಂದು. ಹೋಗಿ ಆರು ತಿಂಗಳಾಯ್ತು. ಸರ ಹಾಕ್ಕೊಳ್ಳೋಕೆ ನಂಗೆ ಆಗಲ್ಲ. ತುದೀಲಿರೋ ಎರಡು ದೊಡ್ಡ ಗುಂಡು ತೆಗೆದು ಓಲೆ ಮಾಡಿಕೊಡ್ತೀರಾ?"

ನಾನು ಚಿನ್ನ ಮುಟ್ಟುವುದು ಕಡಿಮೆ. ನನ್ನದು ಬೆಳ್ಳಿ, ಅದರಲ್ಲೂ ತೂತು ಕೊರೆದ ಬಿಲ್ಲೆಗಳು. ಈ ವಿನ್ಯಾಸ ಎಲ್ಲಿಂದ ಬಂತು ಎಂದು ಮೇಳಗಳಲ್ಲಿ ಜನ ಕೇಳುತ್ತಾರೆ. ಅಪ್ಪ ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ನಿಂತವರು. ಅವರ ಖಾಕಿ ಕೋಟಿನ ತುಂಬ ಕಿಡಿ ಬಿದ್ದು ಆದ ಸಣ್ಣ ಸಣ್ಣ ತೂತುಗಳಿದ್ದವು. ಅಮ್ಮ ಅದನ್ನು ಒಗೆದು ಹಿತ್ತಿಲ ತಂತಿಗೆ ಹಾಕಿದಾಗ ನಾನು ಕೋಟಿನೊಳಗೆ ತಲೆ ತೂರಿಸಿ ನಿಲ್ಲುತ್ತಿದ್ದೆ. ಕತ್ತಲೆಯಲ್ಲಿ ಬಿಸಿಲು ನೂರು ಚುಕ್ಕೆಯಾಗಿ ಒಳಗೆ ಬರುತ್ತಿತ್ತು. ಅದನ್ನೇ ಬೆಳ್ಳಿಯಲ್ಲಿ ಕೊರೆಯುತ್ತ ಬಂದಿದ್ದೇನೆ. ಮೇಳದಲ್ಲಿ ಆಕೆಗೂ ಇದನ್ನೇ ಹೇಳಿದ್ದೆ; ಈಗ ಅಮ್ಮನ ಸರ ಹಿಡಿದು ಬಂದವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಎರಡು ಗುಂಡು ಬಿಡಿಸಿಕೊಂಡು ಉಳಿದ ಸರವನ್ನು ಹಿಂದಿರುಗಿಸಿದೆ.

ಕೆಲಸ ಕಲಿಸಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯ ಒಬ್ಬ ಹಿರಿಯ ಅಕ್ಕಸಾಲಿಗರು. ಅವರು ಮೊದಲ ವಾರವೇ ಹೇಳಿದ್ದರು: ಹಳೆಯ ಗುಂಡುಗಳು ಒಳಗೆ ಟೊಳ್ಳು, ನಗ್ಗದಿರಲಿ ಎಂದು ಅರಗು ತುಂಬಿರುತ್ತಾರೆ, ಅದನ್ನು ತೆಗೆಯದೆ ಬೆಂಕಿ ತೋರಿಸಿದರೆ ಒಳಗಿನ ಆವಿಗೆ ದಾರಿಯಿಲ್ಲದೆ ಸಿಡಿಯುತ್ತದೆ. ನನಗೆ ಗೊತ್ತಿತ್ತು. ಮೊದಲ ಗುಂಡಿನ ತೂತಿಗೆ ಸೂಜಿ ಹಾಕಿ ನೋಡಿದೆ, ಬರಿದಾಗಿತ್ತು. ಎಂದೋ ರಿಪೇರಿಯಾದಾಗ ಯಾರೋ ಅರಗು ತೆಗೆದಿರಬೇಕು. ಅದಕ್ಕೆ ಓಲೆಯ ಕಡ್ಡಿ ಬೆಸೆದದ್ದು ಸಲೀಸಾಗಿ ಆಯಿತು. ಎರಡನೆಯದೂ ಹಾಗೆಯೇ ಇರುತ್ತದೆ ಎಂದುಕೊಂಡೆ. ಸೆಖೆಗೆ ಕಿಡಿ ತಡೆಯುವ ಕನ್ನಡಕ ಮಂಜಾಗುತ್ತಿತ್ತು, ಹಣೆಯ ಮೇಲಕ್ಕೆ ಸರಿಸಿದೆ. ಬೆಸುಗೆಯ ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಗುಂಡಿನ ಹತ್ತಿರ ತಂದೆ.

ಪಟಾಕಿಯಂಥ ಸದ್ದು. ಎಡಗಣ್ಣಿಗೆ ಕೆಂಡ ತುರುಕಿದಂತಾಯಿತು.

ನಾನು ಕಿರುಚಿದ್ದು ನನಗೆ ಕೇಳಿಸಲಿಲ್ಲ. ಅಪ್ಪ ಓಡಿಬಂದು ಮೊದಲು ಸಿಲಿಂಡರಿನ ವಾಲ್ವ್ ತಿರುಗಿಸಿದರು, ಆಮೇಲೆ ನನ್ನ ತಲೆ ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿದರು. "ಉಜ್ಜಬೇಡ. ಕೈ ತೆಗಿ. ಉಜ್ಜಬೇಡ ಅಂದೆ." ಆಟೋದಲ್ಲಿ ಶಿವಮೊಗ್ಗದವರೆಗೂ ನನ್ನ ಎರಡೂ ಮಣಿಕಟ್ಟು ಅವರ ಮುಷ್ಟಿಯಲ್ಲಿದ್ದವು.

ಕಣ್ಣಿನ ಡಾಕ್ಟರು ಅರಗಿನ ಚೂರುಗಳನ್ನು ತೆಗೆದು, ಕಣ್ಣುಗುಡ್ಡೆಯ ಮೇಲ್ಪದರ ಸುಟ್ಟಿದೆ ಎಂದರು. ದೃಷ್ಟಿ ಬರುತ್ತದೋ ಇಲ್ಲವೋ ಎಂದು ಕೇಳಿದೆ. "ಹತ್ತು ದಿನ ಕಟ್ಟಿರ್ಲಿ, ಆಮೇಲೆ ನೋಡೋಣ" ಎಂದಷ್ಟೇ ಹೇಳಿದರು.

ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ ಎಂದು ಆ ಹತ್ತು ದಿನಗಳಲ್ಲಿ ಗೊತ್ತಾಯಿತು. ಕಾಫಿ ಲೋಟದ ಹೊರಗೆ ಬಿತ್ತು. ಮೆಟ್ಟಿಲಿಲ್ಲದ ಕಡೆ ಕಾಲೆತ್ತಿ ಇಟ್ಟೆ. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ಕೂತೆ. ದಾರ ಪ್ರತಿ ಸಲವೂ ಸೂಜಿಯ ಆಚೆಗೋ ಈಚೆಗೋ ಹಾದುಹೋಯಿತು. ಸಾಸಿವೆಯಷ್ಟು ಬೆಸುಗೆಯ ಚೂರನ್ನು ಸರಿಯಾದ ಜಾಗಕ್ಕೆ ಇಡುವುದೇ ನನ್ನ ಜೀವನ. ಸೂಜಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಇನ್ನೊಂದು ಹೆದರಿಕೆ ಫೋನಿನಲ್ಲಿತ್ತು. "ಆಯ್ತಾ ಮೇಡಂ?" ಎಂದು ಆಕೆಯ ಮೆಸೇಜು. "ಸ್ವಲ್ಪ ತಡ ಆಗ್ತಿದೆ" ಎಂದು ಬರೆದೆ. ಮುಂದಿನ ವಾರ ಮತ್ತೆ ಕೇಳಿದರು, "ಪಾಲಿಶ್ ಬಾಕಿ ಇದೆ" ಎಂದೆ. ತಾಯಿಯ ಕೊರಳಲ್ಲಿದ್ದದ್ದು ಸಿಡಿದು ಹೋಯಿತು ಎಂದು ಬರೆಯಲು ಬೆರಳು ಏಳಲಿಲ್ಲ. ಅತ್ತ ಅಪ್ಪ ನೆಲದ ಮೇಲೆ ಮಂಡಿಯೂರಿ, ಅಂಗೈಯಿಂದ ಒಂದೊಂದು ಟೈಲ್ಸನ್ನೂ ಸವರಿ, ಚಿನ್ನದ ತಗಡಿನ ಹರುಕುಗಳನ್ನು ಹುಡುಕಿ ಬೆಂಕಿಪೊಟ್ಟಣದಲ್ಲಿ ಹಾಕಿದ್ದರು.

ಹತ್ತನೆಯ ದಿನ ಕಟ್ಟು ಬಿಚ್ಚಿದರು. ಮೊದಲು ಹಾಲಿನ ಪರದೆ, ಆಮೇಲೆ ನಿಧಾನವಾಗಿ ಅಕ್ಷರ. ಒಂದು ಸಣ್ಣ ಕಲೆ ಉಳಿಯುತ್ತದೆ, ದೀಪ ನೋಡಿದರೆ ಸುತ್ತ ಬಳೆ ಕಾಣುತ್ತದೆ, ಅಷ್ಟೇ ಎಂದರು ಡಾಕ್ಟರು. ಅಪ್ಪ ಆಸ್ಪತ್ರೆಯ ಕಾರಿಡಾರಿನಲ್ಲೇ ಕೂತುಬಿಟ್ಟರು.

ಹೆದರಿಕೆ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮಾರನೆಯ ದಿನ ಟಾರ್ಚು ಹಿಡಿದು ಲೈಟರ್ ಒತ್ತಿದೆ. ಜ್ವಾಲೆ ಬುಸ್ಸೆಂದಿತು. ಕೈ ತಾನಾಗಿ ಅದನ್ನು ಬಿಸಾಡಿತು. ಮತ್ತೆ ಪ್ರಯತ್ನಿಸಿದೆ, ಗ್ಯಾಸಿನ ವಾಸನೆಗೇ ಬೆನ್ನು ಬೆವೆತಿತು. ಅಂದಿನಿಂದ ಬೆಂಕಿಯಿಲ್ಲದ ಕೆಲಸ ಶುರುಮಾಡಿದೆ: ಬೆಳ್ಳಿಯ ತಗಡು ಕತ್ತರಿಸುವುದು, ತೂತು ಕೊರೆಯುವುದು, ಮೊಳೆ ಬಡಿದು ಕೂಡಿಸುವುದು. ಇದೂ ಒಂದು ಹೊಸ ಶೈಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪ ಮೂರು ವಾರ ಸುಮ್ಮನಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು: "ಸಿಲಿಂಡರಿನ ಮೇಲೆ ಧೂಳು ಕೂತಿದೆಯಲ್ಲೇ ಮಾರಾಯ್ತಿ. ಬೆಂಕಿ ಬಿಟ್ಟೆಯಾ?"

"ಆಗ್ತಿಲ್ಲ ಅಪ್ಪ. ಹೆದರಿಕೆ. ನಿಮಗೆ ಇದೆಲ್ಲ ಗೊತ್ತಾಗಲ್ಲ."

ಅವರು ಸ್ಟೂಲು ಎಳೆದುಕೊಂಡು ಕೂತರು. "ನೀನು ಹುಟ್ಟಿದ ಮೇಲೆ ನಂಗೆ ಶುರುವಾಯ್ತು. ಅಲ್ಲೀವರೆಗೂ ಕುಲುಮೆ ಮುಂದೆ ಆರಾಮಾಗಿ ನಿಲ್ತಿದ್ದೋನು. ನಿನ್ನ ಎತ್ಕೊಂಡು, ಅಮ್ಮನ ಕೈಗೆ ಕೊಟ್ಟು ಶಿಫ್ಟಿಗೆ ಹೋದೆ ನೋಡು, ಕಾಲು ಮುಂದೆ ಹೋಗ್ಲೇ ಇಲ್ಲ. ಏನೂ ಆಗಿರ್ಲಿಲ್ಲ. ಸುಮ್ನೆ ಹೆದರಿಕೆ. ಕೈಲಿದ್ದ ಸರಳು ಗಡಗಡ ಅಂತಿತ್ತು."

"ಆಮೇಲೆ?"

"ಪಕ್ಕದಲ್ಲಿ ಒಬ್ಬ ತಮಿಳಿನೋನು ಇದ್ದ. ನೋಡ್ದ. ಏನೂ ಕೇಳ್ಲಿಲ್ಲ. ನನ್ನ ಜಾಗಕ್ಕೆ ಬಂದು ಭುಜಕ್ಕೆ ಭುಜ ತಾಗಿಸ್ಕೊಂಡು ನಿಂತ. ಎಷ್ಟು ದಿನ ನಿಂತ ಅಂತ ನೆನಪಿಲ್ಲ. ಹೆದರಿಕೆ ಹೋಗ್ಲಿಲ್ಲ ಕಣೆ. ರಿಟೈರ್ ಆಗೋವರೆಗೂ ಇತ್ತು. ಕೆಲಸ ಮಾತ್ರ ನಡೀತು."

ನಾನು ಬಿಸಿಲು ನೋಡಲು ತಲೆ ತೂರಿಸುತ್ತಿದ್ದ ಕೋಟಿನೊಳಗೆ ಇದೂ ಇತ್ತು, ನನಗೆ ಕಂಡಿರಲಿಲ್ಲ.

ಆ ಶನಿವಾರ ಆಕೆ ಹೇಳದೆ ಕೇಳದೆ ಬಂದರು. ನಾನು ಬೆಂಕಿಪೊಟ್ಟಣ ತೆರೆದು ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಆಕೆ ಹರುಕುಗಳನ್ನು ನೋಡಿದರು, ನನ್ನ ಕಣ್ಣು ನೋಡಿದರು.

"ಅವತ್ತೇ ಹೇಳಿದ್ರೆ ನಾನೇ ನಿಮ್ಮನ್ನ ನೋಡೋಕೆ ಬರ್ತಿದ್ದೆ" ಎಂದರು. "ಸಿಡಿದಿದ್ದಕ್ಕೆ ನಂಗೆ ಸಿಟ್ಟಿಲ್ಲ. ಪಾಲಿಶ್ ಬಾಕಿ ಅಂದ್ರಲ್ಲ, ಅದು. ನಾನು ದಿನಾ ಕನ್ನಡಿ ಮುಂದೆ ನಿಂತು, ಓಲೆ ಹೇಗೆ ಕಾಣ್ಬಹುದು ಅಂತ ಅಂದ್ಕೊಳ್ತಿದ್ದೆ."

ನಾನು ತಲೆ ತಗ್ಗಿಸಿದೆ. ಆಕೆ ಬೆಂಕಿಪೊಟ್ಟಣವನ್ನು ನನ್ನ ಕಡೆ ಸರಿಸಿ ಹೇಳಿದರು: "ಇದ್ರಲ್ಲಿ ಏನಾಗುತ್ತೋ ಅದನ್ನ ಮಾಡಿ. ಆದ್ರೆ ಈಗ್ಲೇ, ನನ್ನ ಕಣ್ಣೆದುರಿಗೆ. ಇಲ್ಲಿ ಬಿಟ್ಟು ಹೋಗಲ್ಲ."

ಬೇರೆ ದಾರಿ ಇರಲಿಲ್ಲ. ಕನ್ನಡಕ ಹಾಕಿಕೊಂಡೆ. ಹರುಕುಗಳಿಗಂಟಿದ್ದ ಅರಗನ್ನು ಸ್ಪಿರಿಟಿನಲ್ಲಿ ತೊಳೆದೆ, ಎರಡೆರಡು ಸಲ ನೋಡಿ ಚಿನ್ನ ಕರಗಿಸುವ ಮೂಸೆಗೆ ಹಾಕಿದೆ. ಲೈಟರ್ ಎತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಅಪ್ಪ ಬಂದು ಭುಜಕ್ಕೆ ಭುಜ ತಾಗುವಂತೆ ನಿಂತರು, ಒಂದು ಕೈ ವಾಲ್ವಿನ ಮೇಲೆ. ಅವರ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು. ಒತ್ತಿದೆ. ಜ್ವಾಲೆ ಬಂತು. ಕಾಲು ಹಿಂದೆ ಸರಿಯಲು ನೋಡಿತು, ಅಪ್ಪನ ಭುಜ ತಡೆಯಿತು. ಮೂಸೆಯಲ್ಲಿ ಹರುಕುಗಳು ಕೆಂಪಾಗಿ, ಒಂದಕ್ಕೊಂದು ಅಂಟಿ, ಥಟ್ಟನೆ ಉರುಳಿ ಒಂದು ಹನಿಯಾದವು.

ಆ ಹನಿಯನ್ನು ತಟ್ಟಿ ತೆಳ್ಳಗೆ ಮಾಡಿದಾಗ ಬೆರಳುಗುರಿನಷ್ಟು ಬಿಲ್ಲೆಯಾಯಿತು. ಅದಕ್ಕೂ ಕಡ್ಡಿ ಬೆಸೆದೆ. ಒಂದು ಓಲೆ ದುಂಡು, ಇನ್ನೊಂದು ಚಪ್ಪಟೆ. ಆಕೆ ನಮ್ಮ ನಡುಮನೆಯ ಕನ್ನಡಿಯ ಮುಂದೆ ಎರಡನ್ನೂ ಹಾಕಿಕೊಂಡು, ಕತ್ತನ್ನು ಅತ್ತಿತ್ತ ತಿರುಗಿಸಿ ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ.

"ಉಳಿದ ಸರ ಮಾತ್ರ ನಿಮ್ಮ ಹತ್ರ ತರಲ್ಲ" ಎಂದರು.

"ಸರಿ" ಎಂದೆ.

ಆಕೆ ಓಲೆಗಳನ್ನು ಬಿಚ್ಚದೆ, ಹಾಗೆಯೇ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದರು.