ಎರಡು ಸಲ ತಿದ್ದಿದ ಲೆಕ್ಕದ ಪತ್ರಿಕೆ

ಚಾಮರಾಜಪೇಟೆಯ ಪ್ರೈಮರಿ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಅದು ನನ್ನ ಎರಡನೇ ವರ್ಷ. ಒಂದು ಮಧ್ಯಾಹ್ನ ಹೆಡ್‌ಮಿಸ್ಟ್ರೆಸ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಹುಡುಗಿಯೊಬ್ಬಳ ಲೆಕ್ಕದ ಪತ್ರಿಕೆಯನ್ನು ಅವರು ಬೇರೆ ಮಗುವಿನ ಕೈಲಿ ನಕಲು ಮಾಡಿಸಿ, ನನಗೆ ತಿಳಿಯದಂತೆ ನನ್ನ ಕೈಗೇ ಮತ್ತೊಮ್ಮೆ ತಿದ್ದಲು ಕೊಟ್ಟಿದ್ದರಂತೆ.

"ನೋಡಮ್ಮ, ಸೋಮವಾರ ಇಪ್ಪತ್ತಕ್ಕೆ ಹನ್ನೊಂದು ಕೊಟ್ಟಿದೀಯ. ಗುರುವಾರ ಆರು. ಆರು ಅಂದ್ರೆ ಫೇಲು."

ಎರಡು ಪತ್ರಿಕೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಗುರುವಾರ ತಲೆನೋವಿತ್ತು; ಕೊನೆಯ ಉತ್ತರ ತಪ್ಪಿದ್ದಲ್ಲೆಲ್ಲ ಲೆಕ್ಕ ಮಾಡಿದ ಕ್ರಮವನ್ನು ನೋಡದೆ ಸೊನ್ನೆ ಹಾಕಿದ್ದೆ.

"ಇನ್ಮೇಲೆ ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಬರೆದಿಟ್ಕೊಂಡು ತಿದ್ದು," ಎಂದರು.

ಹೋದ ವರ್ಷ ನಾನು ಫೇಲು ಮಾಡಿದ್ದ ಮೂವರು ಶಾಲೆಯನ್ನೇ ಬಿಟ್ಟಿದ್ದರು. ಅವರ ಪತ್ರಿಕೆಗಳನ್ನು ಕೇಳಿದೆ.

"ಅವನ್ನ ಆಗಲೇ ರದ್ದಿಗೆ ಹಾಕಿಬಿಟ್ವಲ್ಲಮ್ಮ."