ತವರಿನ ಜಾಜಿಗೆ ಕತ್ತರಿ

ನಮ್ಮ ಮನೆಯಲ್ಲಿ ಗಿಡ ಸವರುವ ಕತ್ತರಿಯೊಂದಿದೆ. ಕೊಂಡು ನಾಲ್ಕು ವರ್ಷವಾಯಿತು. ಎಣ್ಣೆ ಹಾಕಿ ಒರೆಸಿ ಇಡುತ್ತೇನೆ. ಇದುವರೆಗೆ ಅದರಲ್ಲಿ ಕತ್ತರಿಸಿರುವುದು ಹಾಲಿನ ಪ್ಯಾಕೆಟ್ಟು ಮಾತ್ರ.

ತಂದದ್ದೇನೋ ಗೇಟಿನ ಪಕ್ಕದ ಜಾಜಿ ಬಳ್ಳಿಗಾಗಿ. ಅದು ಕಾಂಪೌಂಡು ಹತ್ತಿ, ಕಿಟಕಿ ಮುಚ್ಚಿ, ತಾರಸಿಯ ನೀರಿನ ಟ್ಯಾಂಕನ್ನೂ ತಬ್ಬಿಕೊಂಡಿತ್ತು. ಎಲೆ ಬೇಕಾದಷ್ಟು, ಹೂವು ಮಾತ್ರ ಬೆರಳೆಣಿಕೆ. ಚಳಿಗಾಲದಲ್ಲಿ ಸವರಿದರೆ ಮಳೆಗಾಲಕ್ಕೆ ಹೂವು ಬಿಡುತ್ತದೆಂದು ಅರಸೀಕೆರೆ ಸಂತೆಯಲ್ಲಿ ಹೂ ಮಾರುವವರೆಲ್ಲ ಹೇಳಿದರು. ಆದರೆ ಅದು ನನ್ನ ಹೆಂಡತಿ ಸರೋಜ ಕಣಕಟ್ಟೆಯ ತವರಿನಿಂದ ತಂದು ನೆಟ್ಟ ಬಳ್ಳಿ. ನಾನು ಕತ್ತರಿ ಹಿಡಿದು ಹೊರಟರೆ ಸಾಕು, "ಇವತ್ತು ಶುಕ್ರವಾರ ಕಣ್ರೀ" ಎನ್ನುತ್ತಿದ್ದಳು. ಮಂಗಳವಾರ ಸಲ್ಲದು. ಸೋಮವಾರ ಅವಳ ತವರಿನ ದೇವರ ವಾರ. ಬುಧವಾರಕ್ಕೆ ಕಾರಣ ಸಿಗದಿದ್ದರೆ ನನಗೆ ನೆಗಡಿಯಾಗಿದೆಯೆಂದು ಅವಳೇ ತೀರ್ಮಾನಿಸುತ್ತಿದ್ದಳು.

ಹಳೇಬೀಡಿನ ಗೋಡೆಗಳ ಮೇಲೂ ಬಳ್ಳಿಗಳಿವೆ. ಒಂದು ಸುರುಳಿಯೂ ಅಂಕೆ ಮೀರಿಲ್ಲ. ಆ ಶಿಲ್ಪಿಗೂ ಹೆಂಡತಿ ಇದ್ದಿರಬೇಕು. ಕಲ್ಲು ಮಾತ್ರ ಅವಳ ತವರಿನಿಂದ ಬಂದಿರಲಿಕ್ಕಿಲ್ಲ.

ಹೋದ ಸಂಕ್ರಾಂತಿ ಮುಗಿದ ಮೇಲೆ ಸರೋಜಳ ತಮ್ಮ ಲೋಕೇಶ ಬಂದ. ಕೊಬ್ಬರಿ ಮಾರಲು ಆಗಾಗ ಅರಸೀಕೆರೆಗೆ ಬರುವವನು, ಮಾರುಕಟ್ಟೆಯಿಂದಲೇ ಬಸ್ಸು ಹತ್ತಿ ಹೋಗುತ್ತಿದ್ದ. ನಮ್ಮ ಮನೆ ಮೆಟ್ಟಿಲು ತುಳಿದು ಮೂರು ವರ್ಷವಾಗಿತ್ತು. ಬಳ್ಳಿ ಸವರಿಕೊಟ್ಟು ಹೋಗೆಂದು ಅಕ್ಕನೇ ಫೋನು ಮಾಡಿ ಕರೆಸಿದ್ದಳು. ಅಂದು ಶುಕ್ರವಾರ!

"ಏನ್ ಭಾವ, ಇಷ್ಟು ಬೆಳೆಯೋಗಂಟ ಸುಮ್ಕಿದ್ರಾ? ಸವರ್ದಿದ್ರೆ ಹೂ ಎಲ್ಲಿಂದ ಬತ್ತದೆ?" ಎಂದವನೇ ಮಚ್ಚು ತೆಗೆದು ಬಳ್ಳಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿಬಿಟ್ಟ. ನನಗೆ ಹೊಟ್ಟೆ ಉರಿಯಿತು. ಸರೋಜ ಕ್ಯಾಲೆಂಡರಿನ ಕಡೆ ತಿರುಗಿಯೂ ನೋಡಲಿಲ್ಲ. ಅವರೆಕಾಳು ಹಾಕಿ ಅಕ್ಕಿರೊಟ್ಟಿ ತಟ್ಟಿದಳು. ಅಕ್ಕ ತಮ್ಮ ಸಂಜೆ ಬಸ್ಸಿನವರೆಗೂ ಮಾತಾಡಿದರು. ನನ್ನ ಪಾಲಿಗೆ ಬಂದದ್ದು ಕಸ ಗುಡಿಸುವ ಕೆಲಸ.

ಮಳೆಗಾಲಕ್ಕೆ ಬಳ್ಳಿಯ ತುಂಬ ಹೂವು.

ಈ ಸಲ ಚಳಿ ಶುರುವಾದ ಕೂಡಲೇ ನಾನು ಕತ್ತರಿ ಹಿಡಿದು ನಿಂತೆ. "ಎಷ್ಟಕ್ಕೆ ಕತ್ತರಿಸಬೇಕು ಅಂತ ನೋಡಿಕೊಂಡಿದ್ದೀನಿ. ಇನ್ನು ನಾನೇ ಸವರ್ತೀನಿ" ಎಂದೆ.

ಸರೋಜ ಕತ್ತರಿ ಕಿತ್ತುಕೊಂಡಳು. "ಸವರೋದು ನನಗೂ ಬರುತ್ತೆ ಕಣ್ರೀ. ನಾವೇ ಸವರಿಬಿಟ್ರೆ ಲೋಕೇಶ ಯಾಕೆ ಬರ್ತಾನೆ?"

ನಾನು ಒಳಗೆ ಹೋಗಿ ಭಾಮೈದನಿಗೆ ಫೋನು ಮಾಡಿದೆ. "ಬಳ್ಳಿ ಮತ್ತೆ ವಿಪರೀತ ಬೆಳೆದುಬಿಟ್ಟಿದೆ ಕಣಯ್ಯ. ನನ್ನ ಕೈಲಂತೂ ಆಗೋದಿಲ್ಲ. ಬೆಳಿಗ್ಗೆ ಬಸ್ಸಿಗೇ ಬಂದುಬಿಡು."